ಬಾಡಿಗೆ ವಸೂಲಿಗೆ ಹೋಗುತ್ತಿದ್ದ ಹುಡುಗ

(ಬಡಾವಣೆಯ ಓದುಗರ ಕೂಟವೊಂದರಲ್ಲಿ ಐರಿಷ್ ನಾಟಕಕಾರ ಬರ್ನಾರ್ಡ್ ಶಾ ಕುರಿತು ಆಡಿದ ಮಾತುಗಳ ಬರಹ ರೂಪ. ಆಡುವಾಗ ಹಿಡಿದ ಅಡ್ಡದಾರಿಗಳನ್ನು ಬರೆಯುವಾಗಲೂ ಮುಚ್ಚಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಮಾತು. ಶಾನನ್ನು ನಾನು ಏಕವಚನದಲ್ಲೇ ಕರೆಯುತ್ತೇನೆ. ಪಂಪನನ್ನು, ಕಾಳಿದಾಸನನ್ನು, ಶೇಕ್ಸ್‌ಪಿಯರನನ್ನು ಹಾಗೆ ಕರೆದು ರೂಢಿಯಾದ ಬಾಯಿ ಇದು. 'ಶೇಕ್ಸ್‌ಪಿಯರನಿಗಿಂತ ಮೇಲೋ?' ಎಂದು ತನ್ನ ಮುನ್ನುಡಿಯಲ್ಲಿ ತಾನೇ ಪ್ರಶ್ನೆ ಹಾಕಿಕೊಂಡ ಮನುಷ್ಯನಿಗೆ ಆ ಸಾಲಿನಲ್ಲಿ ಕೂರಿಸಿದರೆ ಬೇಸರವಾಗಲಿಕ್ಕಿಲ್ಲ.

ನಾನು ಸಾಹಿತ್ಯದ ಮೇಷ್ಟರಲ್ಲ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕುಳಿತು ಬೇರೆಯವರ ಹಣ ಎಣಿಸುತ್ತಾ ನಿವೃತ್ತನಾದವನು. ಶಾ ನನಗೆ ಹತ್ತಿರದವನಾದದ್ದೇ ಆ ದಾರಿಯಿಂದ. ಅವನೂ ಕ್ಯಾಷಿಯರ್ ಆಗಿದ್ದ ಎಂದು ಎಲ್ಲೋ ಓದಿದೆ. ಆಮೇಲೆ ಬಿಡಲಾಗಲಿಲ್ಲ.

ಶಾ ಎಂದೊಡನೆ ನಮಗೆ ನೆನಪಾಗುವುದು ಚಾಟು ಮಾತುಗಳು. ಸುಂದರಿಯೊಬ್ಬಳು ಬಂದು, ನನ್ನ ರೂಪ ನಿಮ್ಮ ಬುದ್ಧಿ ಸೇರಿದ ಮಗುವಾದರೆ ಎಷ್ಟು ಚೆನ್ನ ಎಂದಳಂತೆ. ನನ್ನ ರೂಪ ನಿನ್ನ ಬುದ್ಧಿ ಬಂದುಬಿಟ್ಟರೆ ಏನು ಗತಿ ಎಂದು ಇವನು ಕೇಳಿದನಂತೆ. ಇಂಥವುಗಳಲ್ಲಿ ಬಹುಪಾಲು ಬೀರಬಲ್ಲನಿಗೂ ತೆನಾಲಿ ರಾಮನಿಗೂ ಅಂಟಿಕೊಂಡ ಕತೆಗಳ ಜಾತಿಯವು. ಆಡಿದವರು ಯಾರೋ, ಹೆಸರು ಇವನದು. ಇವತ್ತಿಗೆ ಆ ಶಾ ಬೇಡ. ಡಬ್ಲಿನ್ನಿನ ಬೀದಿಯಲ್ಲಿ ವಾರದ ಬಾಡಿಗೆ ವಸೂಲಿಗೆ ಹೊರಟ ಹದಿನಾರರ ಹುಡುಗ ಬೇಕು. ತೊಂಬತ್ತನಾಲ್ಕು ವರ್ಷ ಬದುಕಿದ ಆ ಮನುಷ್ಯ ಬಾಳಿನುದ್ದಕ್ಕೂ ಕೇಳಿದ್ದು ಒಂದೇ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ: ನೀನು ತಿನ್ನುತ್ತಿರುವ ಅನ್ನದ ಹಣ ಎಲ್ಲಿಂದ ಬಂತು? ಆ ಪ್ರಶ್ನೆ ಅವನಿಗೆ ಹುಟ್ಟಿದ್ದು ಪುಸ್ತಕದಿಂದಲ್ಲ, ಬಾಡಿಗೆ ಲೆಕ್ಕದ ಪುಸ್ತಕದಿಂದ.

ಹುಟ್ಟಿದ್ದು 1856ರ ಜುಲೈ 26ರಂದು, ಡಬ್ಲಿನ್ನಿನ ಸಿಂಜ್ ಸ್ಟ್ರೀಟಿನಲ್ಲಿ. ಕ್ಯಾಥೊಲಿಕ್ ಜನರ ನಡುವೆ ಪ್ರಾಟೆಸ್ಟೆಂಟ್ ಮನೆತನ, ಆಳುವವರ ಕಡೆಯವರು, ಆದರೆ ಕೈಯಲ್ಲಿ ಕಾಸಿಲ್ಲ. ದೊಡ್ಡ ಮನೆತನದ ಕಿರಿಯ ಕವಲು. ಹಸಿದಿದ್ದರೂ ಮೀಸೆಗೆ ತುಪ್ಪ ಸವರಿಕೊಂಡು ಓಡಾಡಬೇಕಾದವರ ಬಡತನ. ತಂದೆ ಜಾರ್ಜ್ ಕಾರ್ ಶಾ ಧಾನ್ಯದ ವ್ಯಾಪಾರಿ; ಮದ್ಯಪಾನದ ಕಡುವಿರೋಧಿ ಎಂದು ಹೇಳಿಕೊಳ್ಳುತ್ತಿದ್ದ, ಗುಟ್ಟಿನಲ್ಲಿ ಕುಡಿಯುತ್ತಿದ್ದ. ಒಮ್ಮೆ ಡಾಲ್ಕಿಯ ಮನೆಯ ಮುಂದೆ ಮಗ ಕಂಡ ದೃಶ್ಯವನ್ನು ಅವನೇ ಬರೆದಿದ್ದಾನೆ. ಅಪ್ಪನ ಒಂದು ಕಂಕುಳಲ್ಲಿ ಅರೆಬರೆ ಕಾಗದ ಸುತ್ತಿದ ಹೆಬ್ಬಾತು, ಇನ್ನೊಂದು ಕಂಕುಳಲ್ಲಿ ಹಂದಿಯ ತೊಡೆ. ಗೇಟು ಎಂದುಕೊಂಡು ತೋಟದ ಗೋಡೆಯನ್ನು ತಲೆಯಿಂದ ಗುದ್ದುತ್ತಿದ್ದಾನೆ. ತಲೆಯ ಮೇಲಿನ ಎತ್ತರದ ಟೋಪಿ ಗುದ್ದು ಗುದ್ದಿಗೂ ಹಾರ್ಮೋನಿಯಂ ತಿದಿಯಂತೆ ಮಡಿಚಿಕೊಳ್ಳುತ್ತಿದೆ. ಹುಡುಗನಿಗೆ ಅಳು ಬರಬೇಕಿತ್ತು. ಸೋದರಮಾವನೂ ಅವನೂ ಸೇರಿ ಬಿದ್ದು ಬಿದ್ದು ನಕ್ಕರು. ಟೋಪಿಯನ್ನು ಬಿಡಿಸಿಕೊಳ್ಳಲು ಹೋಗುವಷ್ಟು ತ್ರಾಣವೂ ಉಳಿಯಲಿಲ್ಲವಂತೆ. ದುರಂತವನ್ನು ಕಂಡಾಗ ನಗುವ ಅಭ್ಯಾಸ ಈ ಮನೆಯ ಗೋಡೆಯ ಬಳಿ ಶುರುವಾಯಿತು.

ಇನ್ನೊಂದು ಸಣ್ಣ ಸಂಗತಿ. ಮಗುವನ್ನು ಕಾಲುವೆ ದಂಡೆಯಲ್ಲಿ ಗಾಳಿಗೆ ತಿರುಗಾಡಿಸಿಕೊಂಡು ಬಾ ಎಂದು ಮನೆಯವರು ಕೆಲಸದವಳನ್ನು ಕಳಿಸಿದರೆ, ಅವಳು ತನ್ನ ಪರಿಚಯದವರನ್ನು ನೋಡಲು ಕೊಳೆಗೇರಿಗೆ ಕರೆದುಕೊಂಡು ಹೋಗುತ್ತಿದ್ದಳು. ಆ ನಾತ, ಆ ಮುಖಗಳು, ಆ ಮೆಟ್ಟಿಲುಗಳು. ಬಡವರನ್ನು ಕಂಡು ಕರುಣೆ ಬಂತು ಎಂದು ಶಾ ಎಲ್ಲೂ ಬರೆಯುವುದಿಲ್ಲ. ಅಸಹ್ಯವಾಯಿತು ಎನ್ನುತ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ. ಬಡತನವನ್ನು ಪ್ರೀತಿಸಿದವರು ಬಹಳ ಜನ ಇದ್ದಾರೆ. ಅದನ್ನು ದ್ವೇಷಿಸಿದವನು ಇವನು.

ತಾಯಿ ಒಳ್ಳೆಯ ಹಾಡುಗಾರ್ತಿ. ಸಂಗೀತದ ಗುರು ಜಾರ್ಜ್ ವ್ಯಾಂಡೆಲರ್ ಲೀ ಇವರ ಜೊತೆಗೇ ಒಂದೇ ಮನೆಯಲ್ಲಿದ್ದ. 1873ರಲ್ಲಿ ಲೀ ಲಂಡನ್ನಿಗೆ ಹೋದ. ಅವನ ಹಿಂದೆಯೇ ತಾಯಿಯೂ ಹೆಣ್ಣುಮಕ್ಕಳೊಂದಿಗೆ ಹೊರಟಳು. ಮಗ ಅಪ್ಪನ ಜೊತೆ ಉಳಿದ. ಮನೆಯಲ್ಲಿ ಸಂಗೀತ ನಿಂತುಹೋಯಿತು. ಸುಮ್ಮನೆ ಬಿದ್ದಿದ್ದ ಪಿಯಾನೊದಲ್ಲಿ ತಾನೇ ಬೆರಳಾಡಿಸಿ ನುಡಿಸಲು ಕಲಿತ.

ಅಷ್ಟರಲ್ಲಿ ಅವನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಹದಿನೈದಕ್ಕೆ ಶಾಲೆ ಬಿಡಿಸಿ, ಜಮೀನುದಾರರ ಆಸ್ತಿ ನೋಡಿಕೊಳ್ಳುವ ಟೌನ್‌ಷೆಂಡ್ ಎಂಬವರ ಕಚೇರಿಗೆ ಹಾಕಿದ್ದರು. ವರ್ಷಕ್ಕೆ 18 ಪೌಂಡ್ ಸಂಬಳ. ಕ್ಯಾಷಿಯರ್ ಹಣದೊಂದಿಗೆ ಪರಾರಿಯಾದ. ತಾತ್ಕಾಲಿಕವಾಗಿ ಈ ಹುಡುಗನನ್ನು ಆ ಕುರ್ಚಿಗೆ ಕೂರಿಸಿದರು, ಅವನು ಅಲ್ಲೇ ಕಾಯಂ ಆದ. ಹಿಂದಿನವನ ಅಕ್ಷರ ಒತ್ತೊತ್ತಾಗಿ, ಚೊಕ್ಕವಾಗಿತ್ತು. ಲೆಕ್ಕದ ಪುಸ್ತಕ ಕೆಡಬಾರದೆಂದು ತನ್ನ ಓಲಾಡುವ ಅಕ್ಷರವನ್ನು ಬಿಟ್ಟು ಅವನದನ್ನೇ ಅನುಕರಿಸಿ ಬರೆಯತೊಡಗಿದ. ಸ್ವಂತ ಜೇಬಿನಲ್ಲಿ ಎಷ್ಟಿದೆ ಎಂದು ಸೊನ್ನೆಯಾದಾಗ ಮಾತ್ರ ಗೊತ್ತಾಗುತ್ತಿದ್ದ ತಾನು ಬೇರೆಯವರ ಹಣದ ವಿಷಯದಲ್ಲಿ ಕರಾರುವಾಕ್ಕಾದೆ ಎಂದು ಶಾ ಹೇಳಿಕೊಂಡಿದ್ದಾನೆ. ಕೌಂಟರಿನ ಹಿಂದೆ ಕುಳಿತವರಿಗೆಲ್ಲ ಇದು ಗೊತ್ತಿರುವ ವಿಷಯ. ದಿನವಿಡೀ ಲಕ್ಷ ಲಕ್ಷ ಎಣಿಸಿ, ಸಂಜೆ ಬಸ್ಸಿಗೆ ಚಿಲ್ಲರೆ ಇಲ್ಲದೆ ನಿಂತವನು ನಾನು.

ಆ ಕಚೇರಿಯಲ್ಲಿ ದೊಡ್ಡ ಮನೆತನದ ಹುಡುಗರು ಕೆಲಸ ಕಲಿಯಲು ಬರುತ್ತಿದ್ದರು. ಶಾ ಅವರಿಗೆ ಆಪೆರಾ ಹಾಡು ಹೇಳಿಕೊಡುತ್ತಿದ್ದ. ಒಂದು ದಿನ ಒಬ್ಬ ಹುಡುಗ ಕೈತೊಳೆಯುವ ಜಾಗದ ಮೇಲೆ ಹತ್ತಿ, ಅಡ್ಡತಟ್ಟಿಯ ಮೇಲೆ ತಲೆ ಮಾತ್ರ ಕಾಣುವಂತೆ ನಿಂತು, ಗೋಪುರದಲ್ಲಿ ಸೆರೆಸಿಕ್ಕ ನಾಯಕನ ಹಾಡನ್ನು ಮೈಮರೆತು ಹಾಡುತ್ತಿದ್ದ. ಹಿರಿಯ ಪಾಲುದಾರರು ಒಳಗೆ ಬಂದರು. ತಟ್ಟಿಯ ಮೇಲೆ ಅರಚುತ್ತಿರುವ ತಲೆಯನ್ನು ನೋಡಿದರು, ಏನೂ ತೋಚದೆ ಮಹಡಿಗೆ ಓಟ ಕಿತ್ತರು.

ಇದೇ ಹುಡುಗ ವಾರಕ್ಕೊಮ್ಮೆ ಟೆರೆನ್ಯೂರ್ ಕಡೆಯ ಸಣ್ಣ ಮನೆಗಳಿಗೆ ಬಾಡಿಗೆ ವಸೂಲಿಗೆ ಹೋಗುತ್ತಿದ್ದ. ವಠಾರದಲ್ಲಿ ಬೆಳೆದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಿಲ್ಲ. ಐದನೇ ತಾರೀಖು ಬಾಗಿಲು ಬಡಿದರೆ ನಮ್ಮಮ್ಮ ನನ್ನನ್ನು ಮುಂದೆ ಕಳಿಸುತ್ತಿದ್ದಳು, 'ಅಪ್ಪ ಇಲ್ಲ ಅನ್ನು' ಎಂದು. ನಾನು ಬಾಗಿಲಿನ ಒಳಗಿದ್ದೆ, ಶಾ ಹೊರಗಿದ್ದ. ವ್ಯತ್ಯಾಸ ಅಷ್ಟೇ. ಹಣ ಕೊಡುವವನಿಗೆ ಇದು ಯಾರ ಕಿಸೆಗೆ ಹೋಗುತ್ತದೆ ಎಂದು ಗೊತ್ತಿಲ್ಲ. ಕೊನೆಗೆ ಅದನ್ನು ಖರ್ಚು ಮಾಡುವ ದೊಡ್ಡ ಮನುಷ್ಯನಿಗೆ ಇದು ಯಾವ ಬಾಗಿಲಿನಿಂದ ಬಂತು ಎಂದು ಗೊತ್ತಿಲ್ಲ. ಎರಡೂ ತುದಿ ಗೊತ್ತಿರುವವನು ನಡುವೆ ಚೀಲ ಹಿಡಿದು ನಡೆಯುವವನು ಮಾತ್ರ.

1876ರಲ್ಲಿ, ಸಂಬಳ 84 ಪೌಂಡ್ ಮುಟ್ಟಿದ್ದಾಗ, ರಾಜೀನಾಮೆ ಕೊಟ್ಟು ಲಂಡನ್ನಿಗೆ ಹಡಗು ಹತ್ತಿದ. ಮುಂದಿನ ಒಂಬತ್ತು ವರ್ಷ ಬರಹದಿಂದ ಅವನಿಗೆ ಬಂದದ್ದು ಒಟ್ಟು ಆರು ಪೌಂಡ್. ಅದರಲ್ಲೂ ಐದು ಪೌಂಡ್ ಯಾವುದೋ ಔಷಧಿಯ ಜಾಹೀರಾತು ಬರೆದದ್ದಕ್ಕೆ. ಐದು ಕಾದಂಬರಿ ಬರೆದ, ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂತಿರುಗಿಸಿದರು. ಕೋಟಿನ ಕಪ್ಪು ಹಸಿರಿಗೆ ತಿರುಗಿತು, ತೋಳಿನ ಅಂಚು ಪಿಸಿದಾಗ ಕತ್ತರಿಯಿಂದ ನೇರ ಮಾಡಿಕೊಂಡ. ಅನ್ನ ಹಾಕಿದವಳು ಸಂಗೀತ ಪಾಠ ಹೇಳಿ ಬದುಕುತ್ತಿದ್ದ ತಾಯಿ. ಜೀವನದ ಹೋರಾಟಕ್ಕೆ ನಾನು ಧುಮುಕಲಿಲ್ಲ, ನನ್ನ ತಾಯಿಯನ್ನು ನೂಕಿದೆ ಎಂದು ಮುಂದೆ ಅವನೇ ಬರೆದ. ಅವನ ಮಾತುಗಳಲ್ಲಿ ನನಗೆ ಎಲ್ಲಕ್ಕಿಂತ ನಿಜವೆನಿಸುವುದು ಇದು. ಪ್ರಶ್ನೆಯನ್ನು ಮೊದಲು ತನಗೇ ಕೇಳಿಕೊಂಡಿದ್ದಾನೆ.

ಬ್ರಿಟಿಷ್ ಮ್ಯೂಸಿಯಂನ ವಾಚನಾಲಯ ಅವನ ಕಾಲೇಜು. ಅಲ್ಲಿ ಬೆಚ್ಚಗಿರುತ್ತಿತ್ತು, ದುಡ್ಡು ಕೇಳುತ್ತಿರಲಿಲ್ಲ. ಕೆಂಪು ಗಡ್ಡದ ಒಬ್ಬ ಯುವಕ ಮಾರ್ಕ್ಸನ 'ಬಂಡವಾಳ'ದ ಫ್ರೆಂಚ್ ಅನುವಾದವನ್ನೂ ವಾಗ್ನರನ ಆಪೆರಾವೊಂದರ ಸ್ವರಲಿಪಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುವುದನ್ನು ಕಂಡು ವಿಮರ್ಶಕ ವಿಲಿಯಂ ಆರ್ಚರ್ ಕುತೂಹಲಗೊಂಡ. ಆ ಗೆಳೆತನದಿಂದಲೇ ಶಾಗೆ ಪತ್ರಿಕೆಗಳಲ್ಲಿ ವಿಮರ್ಶೆಯ ಕೆಲಸ ಸಿಕ್ಕಿತು.

ಮಾರ್ಕ್ಸನ ಕಡೆಗೆ ಅವನನ್ನು ಕಳಿಸಿದ್ದು ಮಾತ್ರ ಒಬ್ಬ ಅಮೆರಿಕನ್. 1882ರ ಸೆಪ್ಟೆಂಬರಿನ ಒಂದು ಸಂಜೆ ಶಾ ಅಕಸ್ಮಾತ್ತಾಗಿ ಒಂದು ಸಭೆಗೆ ಹೊಕ್ಕ. ಹೆನ್ರಿ ಜಾರ್ಜ್ ಭೂಮಿಯ ಬಗ್ಗೆ ಮಾತನಾಡುತ್ತಿದ್ದ. ವಾದ ಸರಳ. ಊರು ಬೆಳೆಯುತ್ತದೆ, ರೈಲು ಬರುತ್ತದೆ, ಚರಂಡಿ ಬರುತ್ತದೆ. ಇದನ್ನೆಲ್ಲ ಮಾಡಿದವರು ಊರ ಜನ. ನಿವೇಶನದ ಬೆಲೆ ಹತ್ತು ಪಟ್ಟಾಗುತ್ತದೆ. ಅದು ಹೋಗುವುದು ಮಲಗಿ ನಿದ್ದೆ ಮಾಡಿದ ಮಾಲೀಕನಿಗೆ. ಟೆರೆನ್ಯೂರಿನ ಬಾಗಿಲು ತಟ್ಟಿದ್ದ ಹುಡುಗನಿಗೆ ಇದು ಸಿದ್ಧಾಂತವಾಗಿ ಕೇಳಿಸಿರಲಾರದು. ತಾನು ಚೀಲದಲ್ಲಿ ಹೊತ್ತದ್ದು ಏನು ಎಂಬುದಕ್ಕೆ ಅಂದು ಅವನಿಗೆ ಒಂದು ಹೆಸರು ಸಿಕ್ಕಿತು.

1884ರಲ್ಲಿ ಫೇಬಿಯನ್ ಸೊಸೈಟಿ ಸೇರಿದ. ರಾತ್ರೋರಾತ್ರಿ ಕ್ರಾಂತಿ ಬೇಡ, ಪುರಸಭೆಯಿಂದ ಸಂಸತ್ತಿನವರೆಗೆ ಒಳಹೊಕ್ಕು ತಾಳ್ಮೆಯಿಂದ ವ್ಯವಸ್ಥೆಯನ್ನು ಬದಲಿಸಬೇಕು ಎನ್ನುವವರ ಗುಂಪು ಅದು. ಸಿಡ್ನಿ ವೆಬ್, ಬಿಯಾಟ್ರಿಸ್ ವೆಬ್ ಅದರ ಲೆಕ್ಕಾಚಾರದ ತಲೆಗಳು. ಶಾ ಅದರ ನಾಲಿಗೆ. ಮೊದಲು ಸಭೆಯಲ್ಲಿ ಎದ್ದು ನಿಂತರೆ ನಡುಗುತ್ತಿದ್ದವನು, ಹಟಕ್ಕೆ ಬಿದ್ದು ಮೂಲೆ ಮೂಲೆಯ ಸಭೆಗಳಿಗೆ ಹೋಗಿ ಮಾತು ಪಳಗಿಸಿಕೊಂಡ. ಸುಮಾರು ಹನ್ನೆರಡು ವರ್ಷ, ಹದಿನೈದು ದಿನಕ್ಕೆ ಸರಾಸರಿ ಮೂರು ಭಾಷಣ, ಸಂಭಾವನೆ ಇಲ್ಲದೆ. ಹೈಡ್ ಪಾರ್ಕಿನಲ್ಲಿ ಒಮ್ಮೆ ಜೋರು ಮಳೆ. ಕೇಳುಗರಾಗಿ ಉಳಿದವರು, ಇವನ ಮೇಲೆ ಕಣ್ಣಿಡಲು ಬಂದಿದ್ದ ಆರು ಪೊಲೀಸರು ಮಾತ್ರ. ಅವರಿಗೇ ಪೂರ್ತಿ ಭಾಷಣ ಮಾಡಿದ. ಇವತ್ತು ಇಲ್ಲಿ ಅದಕ್ಕಿಂತ ಹೆಚ್ಚು ಜನರಿದ್ದೀರಿ, ಮಳೆಯೂ ಇಲ್ಲ, ಆದ್ದರಿಂದ ನನಗೆ ದೂರಲು ಕಾರಣವಿಲ್ಲ.

ಆ ದಿನಗಳ ಜೊತೆಗಾರರಲ್ಲಿ ನಮ್ಮ ಊರಿನವರಿಗೆ ಗೊತ್ತಿರುವ ಒಂದು ಹೆಸರಿದೆ: ಆನಿ ಬೆಸೆಂಟ್. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ಹುಟ್ಟಿಗೆ ಕಾರಣರಾದವರು. ಹೋಂ ರೂಲ್, ಥಿಯೊಸಫಿ ಎಂದು ನಾವು ಅರಿತ ಆ ಬಿಳಿಸೀರೆಯ ಅಜ್ಜಿ ಆಗ ಲಂಡನ್ನಿನ ಉರಿಯುವ ಸಮಾಜವಾದಿ. ಯಾರಿಗೂ ಬೇಡವಾಗಿದ್ದ ಶಾನ ಕಾದಂಬರಿಗಳನ್ನು ತಮ್ಮ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹಾಕಿದವರು ಅವರು. ಆಗಲೇ ಅವರಿಗೆ ಮದುವೆಯಾಗಿತ್ತು, ಗಂಡನಿಂದ ದೂರವಿದ್ದರು. ಕಾನೂನಿನಂತೆ ಮತ್ತೆ ಮದುವೆಯಾಗುವಂತಿರಲಿಲ್ಲ. ಶಾ ಜೊತೆ ಬಾಳಲು ಷರತ್ತುಗಳನ್ನು ಬರೆದ ಒಂದು ಕರಾರುಪತ್ರ ತಯಾರಿಸಿದರು. ಅದನ್ನು ಓದಿ, ಭೂಮಿಯ ಮೇಲಿರುವ ಎಲ್ಲ ಚರ್ಚುಗಳ ವಚನಗಳಿಗಿಂತ ಇದು ಬಿಗಿ ಎಂದು ಶಾ ನಕ್ಕುಬಿಟ್ಟ. ಅವರು ನೊಂದುಕೊಂಡರು. 1887ರ ನವೆಂಬರಿನಲ್ಲಿ ಟ್ರಫಾಲ್ಗರ್ ಚೌಕದ ಮೆರವಣಿಗೆಯಲ್ಲಿ ಇಬ್ಬರೂ ಇದ್ದರು. ಪೊಲೀಸರು ಮೇಲೆ ಬಿದ್ದಾಗ ಬೆಸೆಂಟ್ ಮುನ್ನುಗ್ಗಲು ಹೊರಟರು; ಶಾ ಸಿಕ್ಕಿದ ದಾರಿಯಲ್ಲಿ ಜಾರಿಕೊಂಡ. ಅದನ್ನೂ ಅವನು ಮುಚ್ಚಿಡಲಿಲ್ಲ.

ಈಗ ನಾಟಕಕ್ಕೆ ಬರುತ್ತೇನೆ. ಮೊದಲ ನಾಟಕ 'ವಿಡೋವರ್ಸ್ ಹೌಸಸ್', ಎಂದರೆ 'ವಿಧುರರ ಮನೆಗಳು', ರಂಗಕ್ಕೆ ಬಂದದ್ದು 1892ರ ಡಿಸೆಂಬರಿನಲ್ಲಿ. ವಿಧವೆಯರ ಮನೆಗಳನ್ನು ನುಂಗುವವರು ಎಂಬ ಬೈಬಲಿನ ಮಾತನ್ನು ತಿರುಚಿ ಇಟ್ಟ ಹೆಸರು. ಅದರಲ್ಲಿ ಸಾರ್ಟೋರಿಯಸ್ ಎಂಬ ಶ್ರೀಮಂತ ವಿಧುರ. ಲಂಡನ್ನಿನ ಹೊಲಸು ಕೊಳೆಗೇರಿಯ ಮನೆಗಳನ್ನು ಕೋಣೆ, ಅರ್ಧ ಕೋಣೆ ಲೆಕ್ಕದಲ್ಲಿ ವಾರದ ಬಾಡಿಗೆಗೆ ಕೊಟ್ಟು ಬೆಳೆದವನು. ಅವನ ವಸೂಲಿಗಾರ ಲಿಕ್‌ಚೀಸ್. ಎರಡನೆಯ ಅಂಕದಲ್ಲಿ ಲಿಕ್‌ಚೀಸ್ ಲೆಕ್ಕ ಒಪ್ಪಿಸಲು ಬರುತ್ತಾನೆ. ಯಜಮಾನನ ಕಣ್ಣು ಒಂದು ಸಾಲಿನ ಮೇಲೆ ನಿಲ್ಲುತ್ತದೆ: ಮೆಟ್ಟಿಲು ರಿಪೇರಿ, ಒಂದು ಪೌಂಡ್ ನಾಲ್ಕು ಶಿಲಿಂಗ್. ಆ ಮೆಟ್ಟಿಲು ಕುಸಿಯುವ ಹಾಗಿತ್ತು, ಹೆಂಗಸರು ಬಿದ್ದು ಪೆಟ್ಟು ಮಾಡಿಕೊಂಡಿದ್ದರು. ಅಷ್ಟು ಖರ್ಚು ಮಾಡಿದ ತಪ್ಪಿಗೆ ಲಿಕ್‌ಚೀಸನ ಕೆಲಸ ಹೋಗುತ್ತದೆ.

ಸಾರ್ಟೋರಿಯಸ್‌ನ ಮಗಳು ಬ್ಲಾಂಚ್. ಅವಳನ್ನು ಪ್ರೀತಿಸಿದ ಯುವ ಡಾಕ್ಟರ್ ಟ್ರೆಂಚ್‌ಗೆ ಲಿಕ್‌ಚೀಸ್ ಎಲ್ಲವನ್ನೂ ಹೇಳಿಬಿಡುತ್ತಾನೆ. ಟ್ರೆಂಚ್‌ಗೆ ಮೈಯೆಲ್ಲ ಉರಿ. ಈ ಪಾಪದ ದುಡ್ಡು ನಮಗೆ ಬೇಡ, ನನ್ನ ವರ್ಷದ 700 ಪೌಂಡಿನಲ್ಲೇ ಸಂಸಾರ ಮಾಡೋಣ ಎನ್ನುತ್ತಾನೆ. ನಮ್ಮ ಸಿನಿಮಾ ಆಗಿದ್ದರೆ ಇಲ್ಲಿ ಚಪ್ಪಾಳೆ ಬೀಳುತ್ತಿತ್ತು. ಶಾ ಚಪ್ಪಾಳೆಗೆ ಬಿಡುವುದಿಲ್ಲ. ಮಾವನಾಗಬೇಕಾದವನು ಶಾಂತವಾಗಿ ಕೇಳುತ್ತಾನೆ, ಆ ನಿಮ್ಮ 700 ಪೌಂಡ್ ಎಲ್ಲಿಂದ ಬರುತ್ತದೆ? ಅದು ಬರುತ್ತಿರುವುದು ಇದೇ ಕೊಳೆಗೇರಿಯ ಮನೆಗಳ ಮೇಲಿನ ಅಡಮಾನದ ಬಡ್ಡಿಯಿಂದ. ಲಿಕ್‌ಚೀಸ್ ನನಗಾಗಿ ವಸೂಲಿ ಮಾಡುತ್ತಾನೆ, ನಾನು ನಿಮಗಾಗಿ. ಟ್ರೆಂಚ್ ಕುರ್ಚಿಯಲ್ಲಿ ಕುಸಿಯುತ್ತಾನೆ. ಕೊನೆಯ ಅಂಕದಲ್ಲಿ ಎಲ್ಲರೂ ಒಂದಾಗುತ್ತಾರೆ. ಕೆಲಸ ಕಳೆದುಕೊಂಡ ಲಿಕ್‌ಚೀಸ್ ತುಪ್ಪಳದ ಕೋಟು ತೊಟ್ಟ ದಲ್ಲಾಳಿಯಾಗಿ ಬರುತ್ತಾನೆ, ರಸ್ತೆಗೆ ಜಾಗ ಹೋಗುವ ಒಳಸುದ್ದಿ ತರುತ್ತಾನೆ. ಪರಿಹಾರ ಹೆಚ್ಚು ಸಿಗಲೆಂದು ಅದೇ ಮನೆಗಳಿಗೆ ಈಗ ರಿಪೇರಿ. ಡಾಕ್ಟರ್ ಸಾಹೇಬರೂ ಪಾಲುದಾರರು.

ಖಳನಾಯಕ ಯಾರು? ಯಾರೂ ಅಲ್ಲ. ಹಾಗೆಂದರೆ ಸಭಾಂಗಣದಲ್ಲಿ ಕುಳಿತು ನೋಡುತ್ತಿರುವವರೆಲ್ಲ. ಮೊದಲ ಪ್ರದರ್ಶನದಲ್ಲಿ ಅರ್ಧ ಜನ ಹುಯಿಲೆಬ್ಬಿಸಿದರು, ಅರ್ಧ ಜನ ಜೈಕಾರ ಹಾಕಿದರು, ಶಾ ರಂಗದ ಮೇಲೆ ಬಂದು ಅಲ್ಲೂ ಒಂದು ಭಾಷಣ ಮಾಡಿದ. ನಾಟಕವಾಗಿ ಇದು ಒರಟು; ಬ್ಲಾಂಚ್ ಪಾತ್ರ ನನಗೆ ಇವತ್ತಿಗೂ ಪೂರ್ತಿ ದಕ್ಕಿಲ್ಲ. ಆದರೆ ಆ ಒಂದು ಪೌಂಡ್ ನಾಲ್ಕು ಶಿಲಿಂಗ್ ಇದೆಯಲ್ಲ, ಅದನ್ನು ಲೆಕ್ಕದ ಪುಸ್ತಕ ಬರೆದವನು ಮಾತ್ರ ನಾಟಕದೊಳಗೆ ತರಬಲ್ಲ.

ಮರುವರ್ಷವೇ ಬರೆದ 'ಮಿಸೆಸ್ ವಾರನ್ಸ್ ಪ್ರೊಫೆಷನ್' ಕೂಡ ಇದೇ ಲೆಕ್ಕ. ಮಗಳು ಕೇಂಬ್ರಿಜ್‌ನಲ್ಲಿ ಗಣಿತ ಓದಿದವಳು. ಫೀಸು ಬಂದದ್ದು ತಾಯಿ ನಡೆಸುವ ವೇಶ್ಯಾಗೃಹಗಳಿಂದ. ತಾಯಿ ಕ್ಷಮೆ ಕೇಳುವುದಿಲ್ಲ. ತನ್ನ ಅಕ್ಕತಂಗಿಯರಲ್ಲಿ ಒಬ್ಬಳು ವಾರಕ್ಕೆ ಒಂಬತ್ತು ಶಿಲಿಂಗಿಗೆ, ದಿನಕ್ಕೆ ಹನ್ನೆರಡು ಗಂಟೆ ಸೀಸದ ಕಾರ್ಖಾನೆಯಲ್ಲಿ ದುಡಿದು ಸೀಸದ ವಿಷದಿಂದಲೇ ಸತ್ತ ಕತೆ ಹೇಳುತ್ತಾಳೆ. ಆ ಮರ್ಯಾದೆ ನನಗೆ ಬೇಡವಾಗಿತ್ತು ಎನ್ನುತ್ತಾಳೆ. ಸರ್ಕಾರ ನಾಟಕವನ್ನು ತಡೆಹಿಡಿಯಿತು. ಇಂಗ್ಲೆಂಡಿನಲ್ಲಿ ಅದರ ಬಹಿರಂಗ ಪ್ರದರ್ಶನ ನಡೆಯಲು 1925 ಆಗಬೇಕಾಯಿತು. 1905ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದವರನ್ನು ಪೊಲೀಸರು ಬಂಧಿಸಿದರು. ವೇಶ್ಯಾವಾಟಿಕೆಗೆ ಕಾರಣ ಹೆಣ್ಣಿನ ಕೆಟ್ಟತನವೂ ಅಲ್ಲ, ಗಂಡಿನ ಚಪಲವೂ ಅಲ್ಲ. ಹೆಣ್ಣಾಳಿಗೆ ಕೊಡುವ ಕೂಲಿ ಎಂಬುದು ಶಾನ ವಾದ.

ಅವನು ಬರೀ ಬರೆದು ಕುಳಿತವನಲ್ಲ. 1897ರಿಂದ 1903ರವರೆಗೆ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಭಾಗದ ಸ್ಥಳೀಯ ಸಂಸ್ಥೆಯ ಸದಸ್ಯನಾಗಿದ್ದ. ನಮ್ಮ ಮಾತಿನಲ್ಲಿ ಕಾರ್ಪೊರೇಟರ್. ಕಸ, ಚರಂಡಿ, ಸಿಡುಬು, ದೀಪದ ಕಂಬ. ಆರು ವರ್ಷ ಸಮಿತಿಗಳಲ್ಲಿ ಕುಳಿತ. ಗಂಡಸರಿಗೆ ಬೀದಿಯಲ್ಲಿ ಪುಕ್ಕಟೆ ಮೂತ್ರಾಲಯಗಳಿದ್ದವು, ಹೆಂಗಸರಿಗೆ ಇರಲಿಲ್ಲ. ಇದ್ದ ಕಡೆಯೂ ಒಂದು ಪೆನ್ನಿ ಕೊಡಬೇಕು. ಬಡ ಹೆಂಗಸಿಗೆ ಒಂದು ಪೆನ್ನಿ ಎಂದರೆ ಊಟದ ದುಡ್ಡು. ಹೆಂಗಸರಿಗೂ ಶೌಚಾಲಯ ಕಟ್ಟಿ ಎಂದು ಶಾ ಪಟ್ಟು ಹಿಡಿದ. ಸಭೆಯಲ್ಲಿ ಬಂದ ಆಕ್ಷೇಪಗಳನ್ನು ಕೇಳಿ. ಅಂಥ ಮಾತನ್ನೇ ಎತ್ತಬಾರದು ಎಂದರು. ಹೂ ಮಾರುವ ಹುಡುಗಿಯರು ಅಲ್ಲಿನ ನೀರಿನಲ್ಲಿ ತಮ್ಮ ಹೂ ತೊಳೆದುಬಿಟ್ಟಾರು, ಆ ಹೂಗಳನ್ನೇ ತಾನೆ ನಾವು ಕೋಟಿಗೆ ಸಿಕ್ಕಿಸಿಕೊಳ್ಳುವುದು ಎಂದರು. ಕ್ಯಾಮ್ಡನ್ ಹೈಸ್ಟ್ರೀಟಿನಲ್ಲಿ ಜಾಗದ ಅಳತೆ ತೋರಿಸಲು ಮರದ ಒಂದು ಚೌಕಟ್ಟನ್ನು ನಿಲ್ಲಿಸಿದಾಗ, ಆ ದಾರಿಯ ಗಾಡಿಗಳೆಲ್ಲ ಬಂದು ಬಂದು ಅದಕ್ಕೇ ಗುದ್ದತೊಡಗಿದವು. ಸಂಚಾರಕ್ಕೆ ಅಡ್ಡಿ ಎಂದು ಸಾಬೀತು ಮಾಡಬೇಕಿತ್ತಲ್ಲ!

ಶಾ ಇದನ್ನು 1909ರಲ್ಲಿ ಒಂದು ಲೇಖನವಾಗಿ ಬರೆದ. ಹೆಣ್ಣಿಗೆ ಮತ ಏಕೆ ಬೇಕು ಎಂಬುದಕ್ಕೆ ಸ್ವಾತಂತ್ರ್ಯ, ಸಮಾನತೆ ಎಂದು ದೊಡ್ಡ ಮಾತು ಬೇಡ. ಶೌಚಾಲಯದ ಕಡತ ಸಾಕು. ಕೌನ್ಸಿಲಿನ ಮೇಜಿನ ಸುತ್ತ ಹೆಂಗಸರಿದ್ದಿದ್ದರೆ ಆ ಕಡತ ಅಷ್ಟು ಅಲೆಯುತ್ತಿರಲಿಲ್ಲ ಎಂದು. ನಾಲ್ಕು ವರ್ಷದ ಬಳಿಕ 'ಪಿಗ್ಮೇಲಿಯನ್' ನಾಟಕ ಬಂತು. ಅದರ ಆರಂಭದಲ್ಲಿ ಮಳೆಯಲ್ಲಿ ಕೆಸರಿಗೆ ಬಿದ್ದ ತನ್ನ ಹೂಗಳನ್ನು ನೋಡಿ ಗೋಳಾಡುವ ಎಲೈಜಾ ಇದ್ದಾಳಲ್ಲ, ಅವಳನ್ನು ನೋಡಿದಾಗೆಲ್ಲ ನನಗೆ ಸೇಂಟ್ ಪ್ಯಾಂಕ್ರಸ್‌ನ ಆ ಸಭೆಯೇ ನೆನಪಾಗುತ್ತದೆ. ಕನ್ನಡದಲ್ಲಿ ಆ ಹುಡುಗಿಯನ್ನು ಜಯಂತ ಕಾಯ್ಕಿಣಿ 'ಸೇವಂತಿ ಪ್ರಸಂಗ'ವಾಗಿ ತಂದಿದ್ದಾರೆ. ನೋಡಿದವರು ಇಲ್ಲಿ ಇರಬಹುದು. ಅವಳ ಮಾತು ತಿದ್ದಲು ಮನೆಯಲ್ಲಿಟ್ಟುಕೊಂಡ ಮೇಷ್ಟರ ಬಳಿಗೆ ಅವಳ ಅಪ್ಪ ಡೂಲಿಟಲ್ ಮಗಳ ಹೆಸರಿನಲ್ಲಿ ಐದು ಪೌಂಡ್ ಕೇಳಲು ಬರುತ್ತಾನೆ. ಹತ್ತು ಕೊಡುತ್ತೇವೆಂದರೆ ಬೇಡ ಎನ್ನುತ್ತಾನೆ. ಹತ್ತಾದರೆ ಉಳಿಸಬೇಕು ಅನ್ನಿಸುತ್ತದೆ, ನೆಮ್ಮದಿ ಹೋಗುತ್ತದೆ. ನಾನು ಯೋಗ್ಯ ಬಡವನಲ್ಲ ಸ್ವಾಮಿ, ಅಯೋಗ್ಯ ಬಡವ. ನನ್ನ ಹಸಿವೇನು ಕಡಿಮೆಯೇ ಎಂದು ಅವನ ಪ್ರಶ್ನೆ. ದಾನ ಕೊಡುವ ಮೊದಲು ಅರ್ಹತೆ ಅಳೆಯುವವರ ಮುಖಕ್ಕೆ ಹಿಡಿದ ಕನ್ನಡಿ.

'ಮೇಜರ್ ಬಾರ್ಬರಾ'ದಲ್ಲಿ (1905) ಇದು ಪರಾಕಾಷ್ಠೆ ಮುಟ್ಟುತ್ತದೆ. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯಲ್ಲಿ ಬಡವರ ಸೇವೆ ಮಾಡುವ ಹೆಣ್ಣು. ಅವಳ ಅಪ್ಪ ಮದ್ದುಗುಂಡಿನ ಕಾರ್ಖಾನೆಯ ಒಡೆಯ. ಸಂಸ್ಥೆ ವಿಸ್ಕಿ ವ್ಯಾಪಾರಿಯ ಹಣವನ್ನೂ ಅಪ್ಪನ ಹಣವನ್ನೂ ಕೈಚಾಚಿ ಪಡೆದಾಗ ಅವಳ ಜಗತ್ತೇ ಕುಸಿಯುತ್ತದೆ. ಮುನ್ನುಡಿಯಲ್ಲಿ ಶಾ ನೇರವಾಗಿ ಹೇಳುತ್ತಾನೆ: ಕೇಡುಗಳಲ್ಲಿ ದೊಡ್ಡದು, ಅಪರಾಧಗಳಲ್ಲಿ ಹೀನವಾದದ್ದು ಬಡತನ. ಬಡವನ ತಪ್ಪು ಎಂದಲ್ಲ. ಬಡತನವನ್ನು ಉಳಿಯಗೊಟ್ಟದ್ದು ಸಮಾಜದ ಅಪರಾಧ ಎಂದು. ಪರಿಹಾರವಾಗಿ ಅವನು ಹೇಳಿದ್ದು ಎಲ್ಲರಿಗೂ ಸಮಾನ ಆದಾಯ. 1928ರಲ್ಲಿ, ನಾದಿನಿಗೆ ಸಮಾಜವಾದ ಎಂದರೇನೆಂದು ತಿಳಿಸಿಕೊಡಲು ಹೊರಟು, ಒಂದು ದಪ್ಪ ಪುಸ್ತಕವನ್ನೇ ಬರೆದ. ಜಡ್ಜಿಗೂ ಜಾಡಮಾಲಿಗೂ ಒಂದೇ ಸಂಬಳ. ಇದು ಹೇಗೆ ನಡೆದೀತು ಎಂದು ನನ್ನ ಬ್ಯಾಂಕಿನ ತಲೆಗೆ ಇನ್ನೂ ಹೊಳೆದಿಲ್ಲ.

ಇಲ್ಲಿಗೆ ಬಂದಾಗ ಸಭೆಯಲ್ಲಿ ಹಿರಿಯರೊಬ್ಬರು ಕೈ ಎತ್ತಿ, 'ಸ್ಟಾಲಿನ್ ವಿಷಯ ಹೇಳದೆ ದಾಟಿಸಿಬಿಡುತ್ತೀರಾ?' ಎಂದು ಕೇಳಿದರು. ದಾಟಿಸುವ ಆಸೆ ಇದ್ದದ್ದು ನಿಜ. ಕೇಳಿದ್ದು ಒಳ್ಳೆಯದಾಯಿತು.

1931ರಲ್ಲಿ, ಎಪ್ಪತ್ತೈದನೇ ಹುಟ್ಟುಹಬ್ಬದ ಹೊತ್ತಿಗೆ, ಶಾ ಸೋವಿಯತ್ ದೇಶಕ್ಕೆ ಹೋದ. ಔತಣ, ಮೆರವಣಿಗೆ, ಸ್ಟಾಲಿನ್ ಭೇಟಿ. ಆಹಾರದ ಕೊರತೆಯಿದೆ ಎಂದು ಗೆಳೆಯರು ಕಟ್ಟಿಕೊಟ್ಟಿದ್ದ ಡಬ್ಬಿಗಳನ್ನು ಗಡಿ ದಾಟುವ ಮೊದಲೇ ರೈಲಿನ ಕಿಟಕಿಯಿಂದ ಎಸೆದೆ ಎಂದು ಅಲ್ಲಿನ ಸಭೆಯಲ್ಲಿ ಹೆಮ್ಮೆಯಿಂದ ಹೇಳಿದ. 1933ರ ಮಾರ್ಚಿನಲ್ಲಿ, ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿದು ಸಾಯುತ್ತಿದ್ದಾಗ, ಕ್ಷಾಮದ ಸುದ್ದಿ ಸುಳ್ಳೆಂದು ಇತರರೊಂದಿಗೆ ಸೇರಿ ಪತ್ರಿಕೆಗೆ ಬರೆದ. ಮುಸೊಲಿನಿಯನ್ನೂ ಸಮರ್ಥಿಸಿದ್ದ. ಸಮಾಜಕ್ಕೆ ಹೊರೆಯಾದವರನ್ನು ನೋವಿಲ್ಲದಂತೆ ಮುಗಿಸಬಹುದು ಎಂಬ ಮಾತನ್ನೂ ಆಡಿದ. ವ್ಯಂಗ್ಯವಾಗಿ ಹೇಳಿದ್ದು ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನನಗೆ ಆ ಸಮಾಧಾನ ಸಿಕ್ಕಿಲ್ಲ. ನಿನ್ನ ತಟ್ಟೆಯ ಅನ್ನ ಎಲ್ಲಿಂದ ಬಂತು ಎಂದು ಇಂಗ್ಲೆಂಡನ್ನೆಲ್ಲ ಕೇಳಿದವನು ಮಾಸ್ಕೋದ ಔತಣದ ರೊಟ್ಟಿ ಎಲ್ಲಿಂದ ಬಂತೆಂದು ಕೇಳಲಿಲ್ಲ. ಅದು ಉಕ್ರೇನಿನ ರೈತನ ಕಣಜದಿಂದ ಬಂದಿತ್ತು. ಪುರಸಭೆಯ ಸಮಿತಿಯಲ್ಲಿ ತಾಳ್ಮೆಯಿಂದ ಕುಳಿತಿದ್ದವನಿಗೆ ಮುಪ್ಪಿನಲ್ಲಿ ತಾಳ್ಮೆ ತಪ್ಪಿತ್ತು. ಕೆಲಸ ಮಾಡಿ ತೋರಿಸುವ ಗಟ್ಟಿಗರು ಬೇಕೆನಿಸಿತ್ತು.

ಸಿಡುಬಿನ ಲಸಿಕೆಯ ಮೇಲೆ ಅವನಿಗಿದ್ದ ದ್ವೇಷವನ್ನೂ ಇದೇ ಪಟ್ಟಿಗೆ ಸೇರಿಸಿ. 1881ರಲ್ಲಿ ಅವನಿಗೇ ಸಿಡುಬು ಬಂದಿತ್ತು.

ಹಾಗೆಂದು ಧೈರ್ಯವಿರಲಿಲ್ಲ ಎನ್ನಬೇಡಿ. 1914ರಲ್ಲಿ ದೇಶವೆಲ್ಲ ಯುದ್ಧದ ಅಮಲಿನಲ್ಲಿದ್ದಾಗ ಎರಡೂ ಕಡೆಯ ಆಳುವವರನ್ನು ಬೈದು ಬರೆದು, ಗೆಳೆಯರಿಂದಲೂ ದೂರವಾದ. 1916ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಡಬ್ಲಿನ್ ಬಂಡಾಯದ ನಾಯಕರನ್ನು ಗುಂಡಿಟ್ಟು ಕೊಂದಾಗ, ಅವರು ಯುದ್ಧಕೈದಿಗಳು, ಅವರನ್ನು ಕೊಂದದ್ದು ತಪ್ಪು ಎಂದು ಲಂಡನ್ನಿನ ಪತ್ರಿಕೆಯಲ್ಲೇ ಬರೆದ. ಗಾಂಧೀಜಿ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಇಬ್ಬರೂ ಭೇಟಿಯಾದರು. ಅವರು ದೊಡ್ಡ ಮಹಾತ್ಮ, ತಾನು ಚಿಕ್ಕ ಮಹಾತ್ಮ ಎಂದು ಶಾ ತಮಾಷೆ ಮಾಡಿದ. 1933ರ ಜನವರಿಯಲ್ಲಿ ಅವನ ಹಡಗು ಮುಂಬಯಿಗೆ ಬಂದಾಗ ದೊಡ್ಡ ಮಹಾತ್ಮರು ಯರವಡಾ ಜೈಲಿನಲ್ಲಿದ್ದರು. 1948ರಲ್ಲಿ ಅವರ ಹತ್ಯೆಯ ಸುದ್ದಿ ಕೇಳಿ ಅವನು ಹೇಳಿದ್ದಿಷ್ಟು: ಒಳ್ಳೆಯವನಾಗಿರುವುದು ಎಷ್ಟು ಅಪಾಯ ಎಂದು ಇದು ತೋರಿಸುತ್ತದೆ.

ಇನ್ನು ಅವನ ಸ್ವಂತ ಹಣದ ಲೆಕ್ಕ. 1898ರಲ್ಲಿ ಮದುವೆಯಾದದ್ದು ಷಾರ್ಲಟ್ ಪೇನ್-ಟೌನ್‌ಷೆಂಡ್ ಎಂಬ ಐರಿಷ್ ಶ್ರೀಮಂತೆಯನ್ನು. ಹೆಸರು ಗಮನಿಸಿದಿರಾ? ಹಳೆಯ ಕಚೇರಿಯ ಹೆಸರು ಹೆಂಡತಿಯ ಹೆಸರಿನಲ್ಲಿ ಬಂದು ಕುಳಿತಿತು. ಮರುವರ್ಷ ಸೋದರಮಾವ ತೀರಿಕೊಂಡು, ಐರ್ಲೆಂಡಿನ ಕಾರ್ಲೋ ಊರಿನ ಮನೆ ಜಮೀನುಗಳು, ಅವುಗಳ ಮೇಲಿನ ಸಾಲಸಮೇತ, ಶಾಗೆ ಬಂದವು. ಊರಿಗೆ ಕಾಲಿಡದೆ ಬಾಡಿಗೆ ಪಡೆಯುವ ಒಡೆಯನ ಜಾಗದಲ್ಲಿ ಈಗ ಅವನೇ ಕುಳಿತಿದ್ದ. ಥೇಟ್ ಡಾಕ್ಟರ್ ಟ್ರೆಂಚ್. ಸಾಲ ತೀರಿಸಿದ. ಒಂದು ದೊಡ್ಡ ಕಟ್ಟಡವನ್ನು ತಾಂತ್ರಿಕ ಶಾಲೆಗೆ ಬಿಟ್ಟುಕೊಟ್ಟ. 1940ರ ದಶಕದಲ್ಲಿ ಉಳಿದದ್ದನ್ನು ಊರಿನ ಪುರಸಭೆಗೇ ಬರೆದುಕೊಟ್ಟ. ನೊಬೆಲ್ ಬಂದಾಗಲೂ ಹಣವನ್ನು ತಾನಿಟ್ಟುಕೊಳ್ಳದೆ, ಸ್ವೀಡಿಷ್ ಸಾಹಿತ್ಯವನ್ನು ಇಂಗ್ಲಿಷಿಗೆ ತರುವ ನಿಧಿಗೆ ಕೊಟ್ಟ.

1950ರ ಸೆಪ್ಟೆಂಬರಿನಲ್ಲಿ, ತೊಂಬತ್ತನಾಲ್ಕರ ಮುದುಕ ತೋಟದಲ್ಲಿ ಗಿಡ ಸವರುತ್ತಿದ್ದಾಗ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡ. ನವೆಂಬರ್ 2ರಂದು ತೀರಿಕೊಂಡ. ಉಯಿಲಿನಲ್ಲಿ, ಇಂಗ್ಲಿಷಿಗೆ ನಲವತ್ತಕ್ಕೆ ಕಡಿಮೆಯಿಲ್ಲದ ಅಕ್ಷರಗಳ ಹೊಸ ಲಿಪಿ ಮಾಡಲು ಹಣ ಇಟ್ಟಿದ್ದ. ಹೇಳಿದಂತೆ ಬರೆಯುವ, ಬರೆದಂತೆ ಓದುವ ಲಿಪಿ. ನಮಗೆ ಅದು ಹುಟ್ಟಿನಿಂದಲೇ ಇದೆ, ಆದ್ದರಿಂದ ಅವನ ಸಂಕಟ ಅಷ್ಟು ಬೇಗ ಅರ್ಥವಾಗುವುದಿಲ್ಲ. ಕೋರ್ಟು ಆ ಷರತ್ತನ್ನು ಒಪ್ಪಲಿಲ್ಲ. ರಾಜಿಯಲ್ಲಿ 8,300 ಪೌಂಡ್ ಲಿಪಿಗೆ ಸಿಕ್ಕಿ, ಒಂದೇ ಒಂದು ನಾಟಕ ಅದರಲ್ಲಿ ಅಚ್ಚಾಯಿತು.

ಉಳಿದ ಆದಾಯ ಮೂರು ಪಾಲಾಯಿತು. ಬೆಚ್ಚಗೆ ಕುಳಿತು ಓದಗೊಟ್ಟ ಬ್ರಿಟಿಷ್ ಮ್ಯೂಸಿಯಂಗೆ ಒಂದು, ನಾಟಕ ಶಾಲೆಗೆ ಒಂದು, ಡಬ್ಲಿನ್ನಿನ ನ್ಯಾಷನಲ್ ಗ್ಯಾಲರಿಗೆ ಒಂದು. ಆ ಗ್ಯಾಲರಿ ತೆರೆದದ್ದು 1864ರಲ್ಲಿ, ಶಾ ಏಳು ವರ್ಷದ ಹುಡುಗನಾಗಿದ್ದಾಗ. ಪ್ರವೇಶಕ್ಕೆ ದುಡ್ಡಿಲ್ಲ. ಜೇಬು ಖಾಲಿಯಿದ್ದ ಹುಡುಗ ಅಲ್ಲಿ ಗಂಟೆಗಟ್ಟಲೆ ಅಲೆಯುತ್ತಿದ್ದ. ತನಗೆ ಸಿಕ್ಕಿದ ನಿಜವಾದ ವಿದ್ಯೆಯಲ್ಲಿ ಬಹುಪಾಲು ಅಲ್ಲಿಯದೇ ಎನ್ನುತ್ತಿದ್ದ. 1956ರಲ್ಲಿ 'ಪಿಗ್ಮೇಲಿಯನ್' ಆಧರಿಸಿದ 'ಮೈ ಫೇರ್ ಲೇಡಿ' ಸಂಗೀತ ನಾಟಕ ಬಂದು ಹಣದ ಹೊಳೆ ಹರಿಯಿತು. ಬದುಕಿದ್ದಷ್ಟು ದಿನ ಆ ನಾಟಕಕ್ಕೆ ಹಾಡು ಕಟ್ಟಲು ಅವನು ಯಾರಿಗೂ ಬಿಟ್ಟಿರಲಿಲ್ಲ! ಹೂ ಮಾರುವ ಹುಡುಗಿಯ ಹೆಸರಿನಲ್ಲಿ ಬಂದ ಆ ದುಡ್ಡಿನಿಂದ ಗ್ಯಾಲರಿ ದಶಕಗಳ ಕಾಲ ಚಿತ್ರಗಳನ್ನು ಕೊಂಡಿತು. 2020ರ ಕೊನೆಗೆ ಕೃತಿಸ್ವಾಮ್ಯದ ಅವಧಿ ಮುಗಿಯಿತು, ಹಣ ಬರುವುದೂ ನಿಂತಿತು. ಗ್ಯಾಲರಿಯಲ್ಲಿ ಅವನ ಒಂದು ಕಂಚಿನ ವಿಗ್ರಹವಿದೆ. ಅಲ್ಲಿನ ಸಂಗ್ರಹ ನೋಡಲು ಈಗಲೂ ಟಿಕೆಟ್ ಇಲ್ಲ.